ಕಿಟಕಿ ಪಕ್ಕದ ಮೇಜು



ಕೆಲವು ತಿಂಗಳ ಹಿಂದೆ ಒಂದು ಸಭೆಗಾಗಿ ಮುಂಬಯಿಗೆ ಹೋಗಬೇಕಾಯಿತು. ಹೊರಡುವ ಹಿಂದಿನ ದಿನ ತಾಳಮಲೆಯ ಒಬ್ಬ ತಾಯಿ ಬಂದು ನನ್ನ ಮೇಜಿನ ಮೇಲೆ ಒಂದು ಬಟ್ಟೆ ಚೀಲ ಇಟ್ಟರು. ಒಳಗೆ ಹುರುಳಿಕಾಳು, ರಾಗಿ ಹಿಟ್ಟು, ತಮ್ಮದೇ ಹೊಲದ ಬೆಳ್ಳುಳ್ಳಿ. "ನಮ್ಮ ಹೈದನಿಗೆ ಕೊಟ್ಟುಬುಡಿ ಸ್ವಾಮಿ, ಊರ್ಗೆ ಬಂದು ಎರಡು ವರ್ಷ ಆಯ್ತು" ಎಂದರು.

ನಮ್ಮ ಕಡೆಯ ಹುಡುಗರು ದಿಂಬಂ ಘಾಟಿಯ 27 ತಿರುವು ಇಳಿದರೆ ಸಾಮಾನ್ಯವಾಗಿ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಇಲ್ಲವೇ ಕೊಯಮತ್ತೂರಿಗೆ ಹೋಗುತ್ತಾರೆ. ಇವನು ಹೋಟೆಲ್ ಕೆಲಸ ಹಿಡಿದು ಮುಂಬಯಿ ಸೇರಿದ. ಮರೀನ್ ಡ್ರೈವ್ ಕಡೆಯ ಒಂದು ದೊಡ್ಡ ಇಟಾಲಿಯನ್ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಪಿಜ್ಜಾ ಸುಡುವ ಕೆಲಸ. ಮುಂಬಯಿಯಲ್ಲಿ ಕನ್ನಡಿಗರಿಗೆ ಹೋಟೆಲ್ ಕೆಲಸ ಹೊಸದೇನಲ್ಲ. ಮಾಟುಂಗದಲ್ಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಅಲ್ಲಿನ ಬಾಳೆಎಲೆ ಊಟದ ಮೇಲೇ ಇತ್ತು. ಆದರೆ ಹುಡುಗ ಕೇಳಲಿಲ್ಲ. "ಇವತ್ತು ನನಗೆ ರಜೆ ಫಾದರ್, ನೀವು ನಮ್ಮ ಹೋಟೆಲಿಗೇ ಬರಬೇಕು" ಎಂದು ಹಟ ಹಿಡಿದ.

ಅವನು ಕಾದಿರಿಸಿದ್ದು ಕಿಟಕಿ ಪಕ್ಕದ ಮೇಜು. ಗಾಜಿನಾಚೆ ಅರಬ್ಬಿ ಸಮುದ್ರ, ಬಿಲ್ಲಿನಂತೆ ಬಾಗಿದ ರಸ್ತೆ. ಕತ್ತಲಾಗುತ್ತಿದ್ದಂತೆ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಇದನ್ನು ರಾಣಿಯ ಕಂಠಹಾರ ಎನ್ನುವುದು ಯಾಕೆಂದು ಆಗ ತಿಳಿಯಿತು. ಆ ಸಾಲಿನ ಹಳೆಯ ಕಟ್ಟಡಗಳು 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ನಾನಾದರೋ ಬಟ್ಟೆ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯ ಕೆಳಗೆ ಸರಿಸಿದೆ. ಮೆನು ಕಾರ್ಡಿನಲ್ಲಿ ನನಗೆ ಅರ್ಥವಾದ ಪದಗಳು ಎರಡೋ ಮೂರೋ. ರೋಮಿನಲ್ಲಿ ಓದಿ ಬಂದಿದ್ದ ನಮ್ಮ ಸೆಮಿನರಿಯ ಪ್ರಾಧ್ಯಾಪಕರೊಬ್ಬರು ಸ್ಪಗೆಟ್ಟಿಯನ್ನು ಫೋರ್ಕಿಗೆ ಸುತ್ತುವುದನ್ನು ತೋರಿಸಿಕೊಟ್ಟಿದ್ದರು. ದೇವಶಾಸ್ತ್ರದಂತೆ ಅದೂ ಅರ್ಧ ಮರೆತಿತ್ತು! ಮೊದಲು ಬಂದದ್ದು ಬೆಳ್ಳುಳ್ಳಿ ಹಚ್ಚಿ ಸುಟ್ಟ ಬ್ರೆಡ್ಡು. ನಾನು ಕುರ್ಚಿಯ ಕೆಳಗೆ ನೋಡಿದೆ, ಅವನು ನಕ್ಕ.

ಪಿಜ್ಜಾ ಬಂದಾಗ ಹುಡುಗನ ಮುಖವೇ ಬೇರೆ. "ಕಟ್ಟಿಗೆ ಒಲೆ ಫಾದರ್, ನಾನೂರು ಡಿಗ್ರಿ ದಾಟಿರುತ್ತೆ. ಒಂದೂವರೆ ನಿಮಿಷ ಅಷ್ಟೇ. ಸ್ವಲ್ಪ ಆಚೀಚೆ ನೋಡಿದರೆ ಸೀದು ಹೋಗುತ್ತೆ" ಎಂದ. ಇದು ನೇಪಲ್ಸ್ ಪಟ್ಟಣದ ಬಡವರು ಬೀದಿಯಲ್ಲಿ ನಿಂತು ತಿನ್ನುತ್ತಿದ್ದ ತಿಂಡಿ. ಅಲ್ಲಿನ ಪಿಜ್ಜಾ ಮಾಡುವವರ ಕೈಚಳಕಕ್ಕೆ 2017ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು. ಅದರ ಮೇಲಿನ ಟೊಮ್ಯಾಟೊ ಕೂಡ ಇಟಲಿಯ ಮೂಲದ್ದಲ್ಲ. 16ನೇ ಶತಮಾನದಲ್ಲಿ ಅಮೆರಿಕದಿಂದ ಹಡಗೇರಿ ಯೂರೋಪಿಗೆ ಬಂದದ್ದು. ಬಹಳ ಕಾಲ ಅಲ್ಲಿನ ಜನ ಅದನ್ನು ವಿಷವೆಂದು ಹೆದರುತ್ತಿದ್ದರಂತೆ. ನಮ್ಮ ತಾಳವಾಡಿ ರೈತರು ಟೊಮ್ಯಾಟೊ ಕಂಡು ಹೆದರುವುದು ಬೇರೆ ಕಾರಣಕ್ಕೆ.

ಎಡವಟ್ಟಾದದ್ದು ಇಲ್ಲಿಯೇ. ಬಿಲ್ಲು ಬಂತು, 4,200 ರೂಪಾಯಿ. ಸಿಬ್ಬಂದಿಗೆ ಕೊಡುವ ರಿಯಾಯಿತಿ ಕಳೆದ ಮೇಲೂ ಅಷ್ಟು. ಮದುವೆ ಊಟಗಳ ದುಂದುವೆಚ್ಚದ ಬಗ್ಗೆ ಅದಕ್ಕೂ ಎರಡು ಭಾನುವಾರ ಮೊದಲು ಪ್ರಸಂಗ ಮಾಡಿದ್ದವನು ನಾನು. ನಾಲಿಗೆ ಸುಮ್ಮನಿರಲಿಲ್ಲ. "ಕಿಲೋಗೆ ಐದು ರೂಪಾಯಿ ಸಿಕ್ಕ ದಿನದ ಲೆಕ್ಕ ಹಾಕಿದರೆ ಇದು ನಿಮ್ಮಮ್ಮ ಬೆಳೆದ 840 ಕಿಲೋ ಟೊಮ್ಯಾಟೊ ಕಣಪ್ಪ" ಎಂದುಬಿಟ್ಟೆ.

ಲೆಕ್ಕವೇನೂ ತಪ್ಪಿರಲಿಲ್ಲ. 2023ರ ಜುಲೈಯಲ್ಲಿ ಪೇಟೆಗಳಲ್ಲಿ ಟೊಮ್ಯಾಟೊ ಕಿಲೋಗೆ 100 ರೂಪಾಯಿ ದಾಟಿದ್ದೂ ಉಂಟು, ಕೊಯ್ಲಿನ ಕೂಲಿಯೂ ಹುಟ್ಟದೆ ಹೊಲದಲ್ಲೇ ಬಿಟ್ಟ ವರ್ಷಗಳೂ ಉಂಟು. 2022ರ ಫೆಬ್ರವರಿಯಲ್ಲಿ ದಿಂಬಂ ಘಾಟಿಯ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ತರಕಾರಿ ಸಾಗಿಸುವವರು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ಆನೆ, ಹುಲಿ, ಜಿಂಕೆಗಳ ಜೀವವೂ ಉಳಿಯಬೇಕು, ಆ ಮಾತು ಬೇರೆ. ಇಷ್ಟೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನು ಬೆಳೆದದ್ದೇ ಆ ಹೊಲದಲ್ಲಿ.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ ಫಾದರ್. ನಮ್ಮ ಅಡುಗೆಮನೆಗೆ ಕಿಟಕಿ ಇಲ್ಲ. ಈ ಮೇಜಿನಲ್ಲಿ ಕೂತು ಸಮುದ್ರ ನೋಡಿದ್ದು ಇವತ್ತೇ. ಅಮ್ಮನನ್ನು ಕರೆಸೋಣ ಅಂದರೆ ಅವರು ಬರೋದಿಲ್ಲ. ಊರಿಂದ ಬಂದವರು ನೀವೊಬ್ಬರೇ."

ನನಗೆ ಬೆಥಾನಿಯದ ಊಟ ನೆನಪಾಯಿತು. ಮರಿಯ ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ಪಾದಗಳಿಗೆ ಹಚ್ಚಿದಾಗ, ಅದರ ಬೆಲೆ 300 ದಿನಾರಿ ಎಂದು ಥಟ್ಟನೆ ಲೆಕ್ಕ ಹೇಳಿದವನು ಯೂದ. ಒಂದು ದಿನಾರಿ ಎಂದರೆ ಆಗಿನ ಕಾಲದ ಒಂದು ದಿನದ ಕೂಲಿ. ಅವನೂ ಬಡವರ ಹೆಸರು ಹೇಳಿಯೇ ಆ ಮಾತಾಡಿದ್ದು. ಈ ಶುಭಸಂದೇಶದ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಪ್ರತಿ ಸಲವೂ ಯೂದನನ್ನು ಬೇರೆ ಯಾರೋ ಎಂದುಕೊಂಡೇ ಮಾತಾಡಿದ್ದೆ.

"ತಪ್ಪಾಯಿತು ಕಣಪ್ಪ" ಎಂದೆ. ಅವನಿಗೆ ಮುಜುಗರವಾಯಿತು. "ಅಯ್ಯೋ, ಬಿಡಿ ಫಾದರ್" ಎಂದು ಒಂದು ಸಿಹಿ ತರಿಸಿದ. ತಿರಮಿಸು ಎಂದು ಅದರ ಹೆಸರು, ಕಾಫಿಯಲ್ಲಿ ನೆನೆಸಿದ ಬಿಸ್ಕತ್ತು. ಬಹಳ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಬಡಿಸುತ್ತಿದ್ದ ಅವನ ಗೆಳೆಯ ನಮ್ಮಿಬ್ಬರ ಫೋಟೋ ತೆಗೆದುಕೊಟ್ಟ. ಹೊರಟಾಗ ಚೀಲ ಕೊಟ್ಟೆ. ಅವನು ಗಂಟು ಬಿಚ್ಚಿ, ಬೆಳ್ಳುಳ್ಳಿ ಮೂಸಿ ನೋಡಿ, ಮತ್ತೆ ಹಾಗೇ ಕಟ್ಟಿದ.

ಊರಿಗೆ ಬಂದ ಮೇಲೆ ತಾಳಮಲೆಗೆ ಹೋಗಿ ತಾಯಿಗೆ ಫೋಟೋ ತೋರಿಸಿದೆ. ಹೋಟೆಲ್ ಎಷ್ಟು ದೊಡ್ಡದು, ಸಮುದ್ರ ಹೇಗಿತ್ತು ಎಂದೆಲ್ಲ ಹೇಳತೊಡಗಿದೆ. ಬಿಲ್ಲಿನ ಸುದ್ದಿ ಎತ್ತಲಿಲ್ಲ. ಅವರು ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಲೇ ಇದ್ದರು. ಆಮೇಲೆ ಮಗನ ಮುಂಗೈ ಇದ್ದ ಕಡೆ ಬೆರಳಿಟ್ಟು ಕೇಳಿದರು:

"ಇದೇನ್ ಸ್ವಾಮಿ, ಸುಟ್ಕಂಡಿದ್ದಾನಾ?"

ಒಂದು ಗಂಟೆ ಅವನ ಎದುರಿಗೇ ಕೂತಿದ್ದೆ. ನಾನು ಅದನ್ನು ನೋಡಿರಲಿಲ್ಲ.