ಶೇಕಡಾ ಲೆಕ್ಕಕ್ಕೆ ಸಿಗದ ಸಂಕಟ

ದುಡಿಯಲಾಗದವರು ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಸಲ್ಲಿಸಿದಾಗ, ಇವರಿಂದ ಕೆಲಸ ಸಾಧ್ಯವೇ ಎಂದು ಯಾರೂ ಕೇಳುವುದಿಲ್ಲ; ವೈಕಲ್ಯ ಶೇಕಡಾ ಎಷ್ಟು ಎಂದಷ್ಟೇ ಕೇಳುತ್ತಾರೆ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು. 2016ರ ಕಾಯ್ದೆ ಅವುಗಳನ್ನು 21ಕ್ಕೆ ಏರಿಸಿದ್ದು ಸ್ವಾಗತಾರ್ಹ. ಆದರೆ ನಮ್ಮ ರಾಜ್ಯದ ಮಾಸಾಶನಕ್ಕೆ ಕನಿಷ್ಠ ಶೇಕಡಾ 40, ಕೇಂದ್ರದ ಪಿಂಚಣಿಗೆ ಶೇಕಡಾ 80 ವೈಕಲ್ಯವಿರಬೇಕು.

ವೈದ್ಯರು ಅಳೆಯುವುದು ದೇಹದ ಊನವನ್ನು, ಕಸುಬಿನ ನಷ್ಟವನ್ನಲ್ಲ. ಬೆನ್ನಿಗೆ ಪೆಟ್ಟು ಬಿದ್ದ ಗಾರೆ ಕೆಲಸದವರಿಗೂ ಕುಳಿತು ಬರೆಯುವ ಗುಮಾಸ್ತರಿಗೂ ಅದೇ ಅಂಕ ಬರಬಹುದು. ಗುಮಾಸ್ತರ ಸಂಬಳ ನಿಲ್ಲದು. ಗಾರೆಯವರ ಮನೆಯ ಒಲೆ ಆರುತ್ತದೆ.

ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪರಿಹಾರದ ಮೊಕದ್ದಮೆಯಲ್ಲಿ 1975ರಲ್ಲೇ ಸರ್ವೋಚ್ಚ ನ್ಯಾಯಾಲಯವು, ಒಂದೇ ಕೈಯಿಂದ ಬಡಗಿತನ ನಡೆಯದಾದ್ದರಿಂದ ಅವರ ಅಸಾಮರ್ಥ್ಯ ಸಂಪೂರ್ಣವೆಂದು ಎತ್ತಿಹಿಡಿಯಿತು. ಕಾರ್ಮಿಕ ಪರಿಹಾರಕ್ಕೆ ಸಂದ ಈ ವಿವೇಕ ಮಾಸಾಶನಕ್ಕೇಕೆ ಸಲ್ಲದು? ಅರ್ಜಿದಾರರ ಕಸುಬನ್ನೂ ಪರಿಗಣಿಸುವಂತೆ ಸರ್ಕಾರ ನಿಯಮಗಳನ್ನು ತಿದ್ದಬೇಕು.

ಅಲ್ಲಿಯವರೆಗೆ ನಮ್ಮ ಕುಟುಂಬಗಳು ಸುಮ್ಮನೆ ಕೂರುವುದು ತರವಲ್ಲ. ಚಿಕಿತ್ಸೆಯ ಎಲ್ಲ ಕಾಗದಗಳನ್ನೂ ಜೋಪಾನವಾಗಿಡೋಣ. ಕಾಲಿನ ಊನದೊಂದಿಗೆ ದೃಷ್ಟಿದೋಷವೂ ಇದ್ದರೆ ಎರಡನ್ನೂ ತಪಾಸಣೆಗೆ ಒಡ್ಡಬೇಕು. ಅವುಗಳನ್ನು ಕೂಡಿಸಿ ಲೆಕ್ಕ ಹಾಕುವ ಕ್ರಮವಿದೆ. ಪ್ರಮಾಣಪತ್ರದ ತೀರ್ಮಾನ ಸರಿಯೆನಿಸದಿದ್ದರೆ ಮೇಲ್ಮನವಿಗೆ 2016ರ ಕಾಯ್ದೆಯಲ್ಲೇ ಅವಕಾಶವಿದೆ. ನಡೆಯಲಾರದವರೊಡನೆ ಆಸ್ಪತ್ರೆಗೂ ನಾಡಕಚೇರಿಗೂ ಹೋಗಿಬರಲು ಧರ್ಮಕೇಂದ್ರದ ಯುವಜನರು ಮುಂದಾಗಲಿ. ಕೈಸಾಗದ ದಿನ ನೆರವು ಕೇಳುವುದು ಬೇಡುವುದಲ್ಲ. ಪ್ರಜೆಯಾಗಿ ತನಗೆ ಸಲ್ಲಬೇಕಾದುದನ್ನು ಪಡೆಯುವುದು.