ಪುಕ್ಕಟೆ ಕುರ್ಚಿಯಲ್ಲಿ ನಮ್ಮವರೂ ಕುಳಿತುಕೊಳ್ಳಲಿ

ಎಪ್ರಿಲ್ ಹತ್ತು ದಾಟಿದರೆ ಶಾಲೆಗಳಿಗೆ ರಜೆ. ಪದ್ಮನಾಭನಗರ, ಯಾರಬ್ ನಗರ, ಬನಶಂಕರಿ, ಜೆ.ಪಿ. ನಗರದ ಸುತ್ತಮುತ್ತ ಇರುವ ನಮ್ಮ ಬ್ಯಾರಿ ಮನೆಗಳಲ್ಲಿ ಆಗ ಎರಡು ಬಗೆ. ರಾತ್ರಿ ಬಸ್ಸು ಹತ್ತಿ ಪುತ್ತೂರು, ಬಂಟ್ವಾಳ, ಉಳ್ಳಾಲದ ಅಜ್ಜಿ ಮನೆಗೆ ಹೋಗುವವರು ಒಂದು ಬಗೆ, ಹೋಗಲಾಗದವರು ಇನ್ನೊಂದು. ಜ್ಯೂಸ್ ಅಂಗಡಿ ಇಟ್ಟವನಿಗೆ ಬೇಸಗೆಯೇ ಸೀಸನ್, ಅವನು ಊರಿಗೆ ಹೋಗುವುದು ಹೇಗೆ? ಬೇಕರಿಯವನಿಗೂ ಹಾಗೆಯೇ, ಬಾಗಿಲು ಹಾಕಿದರೆ ಬಾಡಿಗೆ ನಿಲ್ಲುವುದಿಲ್ಲ. ಮಕ್ಕಳು ಎರಡು ಕೋಣೆಯ ಮನೆಯಲ್ಲಿ, ಉಮ್ಮನ ಮೊಬೈಲಿನಲ್ಲಿ. ಗಂಡು ಮಕ್ಕಳಾದರೆ ಸಂಜೆ ಸ್ವಲ್ಪ ಬೀದಿಗೆ ಇಳಿಯುತ್ತಾರೆ. ಹೆಣ್ಣು ಮಕ್ಕಳಿಗೆ ಅದೂ ಇಲ್ಲ. ಜೂನ್ ಬರುವ ಹೊತ್ತಿಗೆ ಕಣ್ಣು ಕೆಂಪು, ಮಾತು ಕಡಿಮೆ, ಸಿಟ್ಟು ಜಾಸ್ತಿ.

ಮದ್ರಸದಲ್ಲಿ ಪಾಠ ಮಾಡುವ ನಮಗೆ ಇದು ಬೇಗ ಗೊತ್ತಾಗುತ್ತದೆ. ನಮ್ಮ ಮದ್ರಸಗಳು ಹಿಜರಿ ಲೆಕ್ಕದಲ್ಲಿ ನಡೆಯುವಂಥವು. ರಜೆ ಇರುವುದು ರಮಝಾನ್‌ನಲ್ಲಿ, ಹೊಸ ವರ್ಷ ಶುರುವಾಗುವುದು ಶವ್ವಾಲ್‌ನಲ್ಲಿ. ಹಾಗಾಗಿ ಶಾಲೆಗೆ ರಜೆ ಇದ್ದರೂ ಈಗಿನ ವರ್ಷಗಳಲ್ಲಿ ಎಪ್ರಿಲ್-ಮೇಯಲ್ಲಿ ಮಕ್ಕಳು ಬೆಳಿಗ್ಗೆ ನಮ್ಮ ಮುಂದೆ ಕುಳಿತಿರುತ್ತಾರೆ. "ನಿನ್ನೆ ಸಂಜೆ ಏನು ಮಾಡಿದಿರಿ?" ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಒಂದೇ ಉತ್ತರ ಕೊಡುತ್ತಾರೆ: "ಎಂತ ಇಲ್ಲ ಉಸ್ತಾದ್."

ಎಂತ ಇಲ್ಲ ಎನ್ನುವಂಥ ಜಾಗವಲ್ಲ ಇದು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಂದು ರೂಪಾಯಿ ಕೊಡದೆ ನೋಡಬಹುದಾದ, ಕೇಳಬಹುದಾದ ಕಾರ್ಯಕ್ರಮಗಳಿಗೆ ಬರವಿಲ್ಲ. ಬಸವನಗುಡಿಯಲ್ಲಿ 1945ರಲ್ಲಿ ಬಿ.ಪಿ. ವಾಡಿಯಾ ಅವರು ಕಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಉಂಟು. ಅಲ್ಲಿ ಉಪನ್ಯಾಸ, ಸಂಗೀತ, ನೃತ್ಯ ಎಲ್ಲ ನಡೆಯುತ್ತದೆ, ಹೆಚ್ಚಿನದಕ್ಕೆ ಟಿಕೆಟೇ ಇಲ್ಲ, ಜೊತೆಗೆ ಒಳ್ಳೆಯ ಲೈಬ್ರರಿ. ಬನಶಂಕರಿ ಎರಡನೇ ಹಂತದಲ್ಲಿ 1971ರಿಂದ ಇರುವ ಸುಚಿತ್ರಾ ಫಿಲ್ಮ್ ಸೊಸೈಟಿ ನಮ್ಮ ಪದ್ಮನಾಭನಗರಕ್ಕೆ ಹತ್ತಿರವೇ. ಜೆ.ಸಿ. ರಸ್ತೆಯಲ್ಲಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ, ಅದರ ಹಿಂದೆ ಸಂಸ ಬಯಲು ರಂಗಮಂದಿರ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಿಡೀ ಚಿತ್ರಗಳ ಸಂತೆಯಾಗುತ್ತದೆ, 2003ರಿಂದ ಚಿತ್ರಕಲಾ ಪರಿಷತ್ತು ನಡೆಸುವ ಆ ಚಿತ್ರಸಂತೆಗೂ ಪ್ರವೇಶ ಉಚಿತ. ಜೆ.ಪಿ. ನಗರದ ರಂಗಶಂಕರಕ್ಕೆ ಟಿಕೆಟ್ ಉಂಟು, ಅದನ್ನು ಉಚಿತದ ಪಟ್ಟಿಗೆ ಸೇರಿಸುವಂತಿಲ್ಲ. ಆದರೆ ಮನೆಯಿಂದ ಹೊರಟ ಕಾಲಿಗೆ ಅದೂ ದೂರವಲ್ಲ.

ಇಲ್ಲೆಲ್ಲ ನಮ್ಮ ಮನೆಯವರು ಎಷ್ಟು ಮಂದಿ ಕಾಣಸಿಗುತ್ತಾರೆ? ನಾವು ಹೋದಾಗ ನಮ್ಮನ್ನು ಬಿಟ್ಟು ಟೊಪ್ಪಿ ಹಾಕಿದ ಇನ್ನೊಬ್ಬರನ್ನು ಹುಡುಕಬೇಕು. ಬುರ್ಖಾ ಹಾಕಿದ ಹೆಂಗಸರಂತೂ ಇಲ್ಲವೇ ಇಲ್ಲ ಎನ್ನಬಹುದು.

ಕಾರಣ ಕೇಳಿದರೆ ಮೊದಲು ಬರುವುದು ದೀನ್‌ನ ಮಾತು. "ಉಸ್ತಾದರೇ ಪದ್ಯ ಕೇಳಲು ಹೋಗಿ ಅಂತ ಹೇಳುವುದಾ?" ಎಂದು ಹುಬ್ಬೇರಿಸುವವರಿದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ನಮ್ಮ ಶಾಫಿ ಮದ್‌ಹಬ್‌ನ ಕಿತಾಬುಗಳಲ್ಲಿ ದಫ್‌ಗೆ ಅನುಮತಿ ಉಂಟು, ತಂತಿವಾದ್ಯ, ಕೊಳಲುಗಳ ವಿಷಯದಲ್ಲಿ ಬಿಗಿ ಉಂಟು. ಅದನ್ನು ಪಾಲಿಸುವವರು ಪಾಲಿಸಲಿ, ಸಂಗೀತ ಕಛೇರಿಗೆ ಹೋಗುವುದು ಬೇಡ ಎನ್ನುವವರು ಹೋಗದಿರಲಿ. ಆದರೆ ಕಲೆ ಎಂದರೆ ಕಛೇರಿ ಮಾತ್ರವಾ? ಕವಿಗೋಷ್ಠಿ, ಕಥೆ ಹೇಳುವುದು, ಮಕ್ಕಳ ನಾಟಕ, ಚಿತ್ರಕಲೆ, ಮಣ್ಣಿನ ಮಡಕೆ ಮಾಡುವುದು, ಗ್ರಹ-ನಕ್ಷತ್ರದ ಬಗ್ಗೆ ಸ್ಲೈಡ್ ತೋರಿಸಿ ಮಾತನಾಡುವುದು, ಇವಕ್ಕೆ ಯಾವ ಕಿತಾಬು ಅಡ್ಡ ಬಂತು? ಪ್ರವಾದಿವರ್ಯರು (ಸ.ಅ.) ಕವಿ ಹಸ್ಸಾನ್ ಬಿನ್ ಸಾಬಿತರಿಗೆ ಮಸೀದಿಯಲ್ಲೇ ಪೀಠ ಇಟ್ಟು ಕವಿತೆ ಹೇಳಿಸಿದ್ದನ್ನು ನಾವೇ ಮಕ್ಕಳಿಗೆ ಪಾಠ ಮಾಡುತ್ತೇವೆ. ಈದ್ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿ ಆಟ ಆಡಿದಾಗ ಆಯಿಶಾ ಬೀವಿಯವರು (ರ.ಅ.) ಪ್ರವಾದಿಯವರ ಹೆಗಲ ಮರೆಯಲ್ಲಿ ನಿಂತು ಸಾಕಾಗುವವರೆಗೆ ನೋಡಿದ ಹದೀಸ್ ಬುಖಾರಿಯಲ್ಲೇ ಉಂಟು. ನಮ್ಮ ಹೆಣ್ಣು ಮಕ್ಕಳಿಗೆ ಆ ಹದೀಸ್ ಬಾಯಿಪಾಠ, ನೋಡಲು ಮಾತ್ರ ಯಾರೂ ಕರೆದುಕೊಂಡು ಹೋಗುವುದಿಲ್ಲ.

ಎರಡನೆಯ ಕಾರಣವನ್ನು ಜನ ದೊಡ್ಡ ಸ್ವರದಲ್ಲಿ ಹೇಳುವುದಿಲ್ಲ. ಅದು ಹೆದರಿಕೆ. 2022ರಲ್ಲಿ ಕಾಪುವಿನಿಂದ ಶುರುವಾಗಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು ಎಂಬ ಬ್ಯಾನರುಗಳು ಎದ್ದವು. ತಲೆಮಾರುಗಳಿಂದ ಜಾತ್ರೆಯಲ್ಲಿ ಬಳೆ, ಆಟಿಕೆ, ಕಲ್ಲಂಗಡಿ ಮಾರಿದವರು ಗಂಟು ಕಟ್ಟಿ ವಾಪಸ್ ಬಂದರು. ಆಮೇಲಿಂದ ಜನ ಸೇರುವ ಜಾಗ ಎಂದರೆ ನಮ್ಮ ಮನೆಗಳಲ್ಲಿ ಒಂದು ಅಳುಕು. ಬೆಂಗಳೂರಿನ ಪಾರ್ಕಿಗೆ ಹೋಗಲೂ ಅದೇ ಅಳುಕು. ಯಾರಾದರೂ ಏನಾದರೂ ಅಂದರೆ? ಫೋಟೋ ತೆಗೆದರೆ? ಸುಮ್ಮನೆ ರಗಳೆ ಯಾಕೆ?

ಅಳುಕು ಸುಳ್ಳೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಒಂದು ವ್ಯತ್ಯಾಸ ನೋಡಬೇಕು. ದೇವಸ್ಥಾನದ ಜಾತ್ರೆ ಒಂದು ಧರ್ಮದವರ ಹಬ್ಬ, ಅಲ್ಲಿ ನಾವು ನೆರೆಯವರು. ಪಾಲಿಕೆಯ ಪಾರ್ಕು, ಸರಕಾರದ ರಂಗಮಂದಿರ ಹಾಗಲ್ಲ, ಅಲ್ಲಿ ನಾವು ಅತಿಥಿಗಳಲ್ಲ, ಪಾಲುದಾರರು. 2025ರ ಮೈಸೂರು ದಸರಾಕ್ಕೆ ಬಾನು ಮುಷ್ತಾಕ್ ಅವರನ್ನು ಕರೆದದ್ದನ್ನು ಪ್ರಶ್ನಿಸಿ ಕೆಲವರು ಕೋರ್ಟಿಗೆ ಹೋದರು. ಅರ್ಜಿ ಹೈಕೋರ್ಟಿನಲ್ಲೂ ಬಿತ್ತು, ಸುಪ್ರೀಂ ಕೋರ್ಟಿನಲ್ಲೂ ಬಿತ್ತು. ಅವರು ಉದ್ಘಾಟನೆ ಮಾಡಿಯೇ ಬಂದರು. ಅದಕ್ಕೂ ಮೊದಲು, 2017ರಲ್ಲಿ, ಅದೇ ದಸರಾ ಉದ್ಘಾಟಿಸಿದ್ದು ಕೆ.ಎಸ್. ನಿಸಾರ್ ಅಹಮದ್.

ನಿಸಾರ್ ಸಾಹೇಬರ ಹೆಸರು ಬಂದಾಗ ಪದ್ಮನಾಭನಗರದವರು ಒಂದು ನಿಮಿಷ ನಿಲ್ಲಬೇಕು. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಅವರು ಭೂವಿಜ್ಞಾನದ ಮೇಷ್ಟ್ರು. ಬಾಳಿ ಬದುಕಿದ್ದು, 2020ರ ಮೇ 3ರಂದು, ರಮಝಾನ್ ತಿಂಗಳಲ್ಲಿ, ಲಾಕ್‌ಡೌನ್ ನಡುವೆ ಕೊನೆಯುಸಿರೆಳೆದದ್ದು ನಮ್ಮ ಪದ್ಮನಾಭನಗರದ ಮನೆಯಲ್ಲಿ. ಅವರ 'ನಿತ್ಯೋತ್ಸವ'ಕ್ಕೆ ಮೈಸೂರು ಅನಂತಸ್ವಾಮಿ ರಾಗ ಹಾಕಿದರು, 1978ರಲ್ಲಿ ಕ್ಯಾಸೆಟ್ ಬಂತು, ಅಲ್ಲಿಂದ ಇವತ್ತಿನವರೆಗೆ ನವೆಂಬರ್‌ನಲ್ಲಿ ಯಾವ ಬೀದಿಯ ರಾಜ್ಯೋತ್ಸವ ವೇದಿಕೆಗೆ ಹೋದರೂ ಆ ಹಾಡು ಇಲ್ಲದೆ ಕಾರ್ಯಕ್ರಮ ಮುಗಿಯುವುದಿಲ್ಲ. ಬಯಲಿನಲ್ಲಿ, ಪುಕ್ಕಟೆ ಕುರ್ಚಿಯಲ್ಲಿ ಕುಳಿತು ಅದನ್ನು ಕೇಳಿ ಕಣ್ಣು ಒರೆಸಿಕೊಳ್ಳುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ನಮ್ಮ ತರಗತಿಯಲ್ಲಿ ಒಮ್ಮೆ ಕೇಳಿದೆವು, "ಈ ಹಾಡು ಬರೆದವರು ಯಾರು ಗೊತ್ತಾ?" ಹಾಡು ಎಲ್ಲರಿಗೂ ಗೊತ್ತಿತ್ತು. ಬರೆದವರು ನಮ್ಮದೇ ಬಡಾವಣೆಯಲ್ಲಿ ಇದ್ದರು, ನಮ್ಮ ಹಾಗೆಯೇ ನಮಾಝಿನ ಮನೆಯವರು ಅಂದಾಗ ಮಕ್ಕಳು ನಂಬಲಿಲ್ಲ. "ಹೌದಾ ಉಸ್ತಾದ್?" ಎಂದು ಎರಡು ಸಲ ಕೇಳಿದರು.

ಉಚಿತ ಎಂಬ ಪದದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಮ್ಮ ಜನರಿಗೆ ಪುಕ್ಕಟೆ ಎಂದರೆ ಒಂದು ತಾತ್ಸಾರ. ಹಣ ಇಲ್ಲದವರು ಹೋಗುವ ಜಾಗ ಅಂತ. ಆದರೆ ಕರಾವಳಿಯವರಾದ ನಮಗೆ ಇದರ ಅರ್ಥ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಮ್ಮ ಬೇಸಗೆ ಎಂದರೆ ಬಯಲಾಟದ ಬೇಸಗೆ. ನವೆಂಬರ್‌ನಲ್ಲಿ ಹೊರಟ ಮೇಳಗಳು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ದಿನಾ ಒಂದೊಂದು ಊರು. ಡೇರೆ ಮೇಳದ ಆಟಕ್ಕೆ ಟಿಕೆಟ್, ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಒಂದು ಮನೆಯವರು ಹರಕೆ ಹೊತ್ತು ಮೇಳಕ್ಕೆ ಹಣ ಕಟ್ಟುತ್ತಾರೆ, ಗದ್ದೆಯಲ್ಲಿ ರಂಗಸ್ಥಳ ಹಾಕಿಸುತ್ತಾರೆ, ಊರಿಡೀ ಬಂದು ಬೆಳಗಿನ ತನಕ ನೋಡುತ್ತದೆ. ನೋಡುವವನ ಜಾತಿ ಯಾರೂ ಕೇಳುತ್ತಿರಲಿಲ್ಲ. ನಮ್ಮ ಹಿರಿಯರು ಗದ್ದೆಯ ಬದಿಯಲ್ಲಿ ಚುರುಮುರಿ, ಕಡಲೆ ಮಾರುತ್ತಾ ಭಾಗವತರ ಪದ ಕೇಳಿ ಬೆಳೆದವರು, ಪ್ರಸಂಗದ ಕಥೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಸಂಪಾಜೆಯ ಜಬ್ಬಾರ್ ಸಮೋ ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳಲು ಕುಳಿತರೆ ಸಭೆ ಮೌನವಾಗುವುದು ಎಲ್ಲಿಂದ ಬಂತು? ಆ ಮಣ್ಣಿನಿಂದಲೇ. ಮೂಲ್ಕಿಯ ಬಪ್ಪನಾಡಿನ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಇದ್ದಾರೆ, ಯಕ್ಷಗಾನದ ಪ್ರಸಂಗದಲ್ಲೂ ಬ್ಯಾರಿ ವೇಷ ರಂಗಸ್ಥಳಕ್ಕೆ ಬರುತ್ತದೆ. ನೋಡುವವರ ಸಾಲಿನಲ್ಲಿ ಮಾತ್ರ ಬ್ಯಾರಿ ಇಲ್ಲವೆಂದರೆ ಹೇಗೆ?

ಹರಕೆ ಆಟದಲ್ಲಿ ಖರ್ಚು ಒಂದು ಮನೆಯದ್ದು. ಬೆಂಗಳೂರಿನ ಸರಕಾರಿ ಕಾರ್ಯಕ್ರಮದಲ್ಲಿ ಖರ್ಚು ಎಲ್ಲರದ್ದು. ಜ್ಯೂಸ್ ಅಂಗಡಿಯವನು ಕಟ್ಟುವ ಲೈಸೆನ್ಸ್ ಫೀಸು, ಮನೆ ಮಾಲಕರು ಕಟ್ಟುವ ಕಂದಾಯ, ಬಾಡಿಗೆಯಲ್ಲಿ ಸೇರಿ ಬರುವ ನಮ್ಮ ಪಾಲು, ಸಾಬೂನಿನ ಮೇಲಿನ ಜಿಎಸ್‌ಟಿ. ಕಲಾಕ್ಷೇತ್ರದ ಲೈಟು ಉರಿಯುವುದು ಇದರಲ್ಲೇ. ಹೋಗದಿದ್ದರೆ ಹಣ ವಾಪಸ್ ಬರುವುದಿಲ್ಲ ಮಾರಾಯ್ರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸೂ ಫ್ರೀ. ಆಧಾರ್ ಕಾರ್ಡ್ ಕೈಯಲ್ಲಿದ್ದರೆ ಉಮ್ಮ-ಮಗಳು ಪದ್ಮನಾಭನಗರದಿಂದ ಬಸವನಗುಡಿಗೆ ಹೋಗಿ ಬರಲು ಖರ್ಚಾಗುವುದು ಒಂದು ಸಂಜೆ ಮಾತ್ರ.

ಇನ್ನು ಕಾರ್ಯಕ್ರಮ ಮಾಡುವವರಲ್ಲಿ ಒಂದೆರಡು ಮಾತು. ಎಪ್ರಿಲ್-ಮೇಯಲ್ಲಿ ಬೆಂಗಳೂರಿನ ಮಗ್ರಿಬ್ ಆರೂವರೆ-ಆರೂಮುಕ್ಕಾಲರ ನಡುವೆ. ಹೆಚ್ಚಿನ ಕಾರ್ಯಕ್ರಮ ಶುರುವಾಗುವುದೂ ಆರೂವರೆಗೇ, ಅದೂ ಅತಿಥಿಗಳು ಬಂದರೆ. ನಮ್ಮವರಿಗೆ ಒಂದೋ ನಮಾಝ್ ಬಿಡಬೇಕು, ಇಲ್ಲವೇ ಕಾರ್ಯಕ್ರಮ ಬಿಡಬೇಕು ಎಂದಾದರೆ ಯಾವುದು ಬಿಡುತ್ತಾರೆ ಎಂದು ಕೇಳುವುದೇ ಬೇಡ. ರಂಗಶಂಕರದವರು ಏಳೂವರೆ ಎಂದರೆ ಏಳೂವರೆಗೆ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವನು ಯಾರಾದರೂ ಸರಿ, ಹೊರಗೆ. ಆ ಹೊತ್ತು ನಮಗೆ ಸರಿಯಾಗಿ ಹೊಂದುತ್ತದೆ, ಮಗ್ರಿಬ್ ಮುಗಿಸಿ ಹೋಗಬಹುದು, ಬಂದು ಇಶಾ ಮಾಡಬಹುದು. ಎಲ್ಲರೂ ಹಾಗೆ ಮಾಡಿ ಎನ್ನುವುದಿಲ್ಲ. ಆದರೆ ಹೇಳಿದ ಹೊತ್ತಿಗೆ ಶುರು ಮಾಡಿ, ಹೇಳಿದ ಹೊತ್ತಿಗೆ ಮುಗಿಸಿ. ಹೆಂಗಸರು ಮಕ್ಕಳ ಜೊತೆ ಬರಬೇಕಾದರೆ ಟಾಯ್ಲೆಟ್ ಬೇಕು, ದೀಪ ಇರುವ ದಾರಿ ಬೇಕು. ಇದು ಮುಸ್ಲಿಂ ಹೆಂಗಸರಿಗೆ ಮಾತ್ರ ಬೇಕಾದದ್ದಾ?

ಮತ್ತೊಂದು, ನಮ್ಮನ್ನು ಸೌಹಾರ್ದ ಸಭೆಗೆ ಮಾತ್ರ ಕರೆಯಬೇಡಿ. ವೇದಿಕೆಯಲ್ಲಿ ಒಬ್ಬ ಸ್ವಾಮೀಜಿ, ಒಬ್ಬ ಫಾದರ್, ಒಬ್ಬ ಉಸ್ತಾದ್, ಮೂವರಿಗೂ ಒಂದೊಂದು ಗಿಡ ಕೊಟ್ಟು ಫೋಟೋ ತೆಗೆದರೆ ಆಯಿತಾ? ಚಿತ್ರ ಬಿಡಿಸುವ ಶಿಬಿರದ ನೋಟಿಸನ್ನು ಮಸೀದಿಯ ಗೇಟಿನ ಬಳಿಯೂ ಒಂದು ಅಂಟಿಸಿ, ಅದಕ್ಕಿಂತ ಹೆಚ್ಚು ಸೌಹಾರ್ದ ಬೇಡ.

ನಮ್ಮವರಿಗೂ ಹೇಳಲು ಉಂಟು, ಇದು ಸ್ವಲ್ಪ ಖಾರವಾದರೆ ಕ್ಷಮಿಸಿ. ಬ್ಯಾರಿ ಕಾರ್ಯಕ್ರಮ ಎಂದರೆ ಈಗ ಶಾದಿ ಮಹಲ್‌ನ ಎಸಿ ಹಾಲ್, ಮೂರು ಗಂಟೆ ಸನ್ಮಾನ, ಶಾಲು, ಸ್ಮರಣಿಕೆ, ಮೂವತ್ತು ಮಂದಿಯ ಭಾಷಣ. ಕೊನೆಗೆ ಬಿರಿಯಾನಿಯ ವಾಸನೆ ಬರುವಾಗ ದಫ್ ತಂಡಕ್ಕೆ ಹತ್ತು ನಿಮಿಷ. ಊರಿನಿಂದ ರಾತ್ರಿ ಪ್ರಯಾಣ ಮಾಡಿ ಬಂದ ಹುಡುಗರು ಜನ ಎದ್ದು ಕೈ ತೊಳೆಯಲು ಹೋಗುವುದನ್ನು ನೋಡುತ್ತಾ ಬಡಿಯುತ್ತಾರೆ. 2007ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಕೊಟ್ಟಿತು, 2011ರ 'ಬ್ಯಾರಿ' ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರದ ಸ್ವರ್ಣಕಮಲವೂ ಬಂತು. ಹೊರಗಿನವರು ಕೊಡುವುದನ್ನು ಕೊಟ್ಟಿದ್ದಾರೆ. ದಫ್, ಕೋಲ್ಕಳಿಯನ್ನು ಪಾರ್ಕಿನಲ್ಲಿ, ಬಾಗಿಲಿಲ್ಲದ ಜಾಗದಲ್ಲಿ, ದಾರಿಯಲ್ಲಿ ಹೋಗುವವನೂ ನಿಂತು ನೋಡುವಂತೆ ಆಡಿಸುವುದು ನಾವು ಮಾಡಬೇಕಾದದ್ದು. ಪಕ್ಕದ ರಸ್ತೆಯ ಅಜ್ಜ ವಾಕಿಂಗ್ ನಿಲ್ಲಿಸಿ "ಇದು ಎಂಥ ಕುಣಿತ ರೀ?" ಎಂದು ಕೇಳಲಿ. ಹೇಳಲು ನಮ್ಮ ಹುಡುಗರಿಗೆ ಬಾಯಿ ಉಂಟು.

ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಅವಕಾಶವಿಲ್ಲ ಎಂಬ 2000ದ ನಿಯಮ ಎಲ್ಲರಿಗೂ ಒಂದೇ. ಅದಕ್ಕೆ ಮೊದಲೇ ಮುಗಿಸಬೇಕು, ಪಾಲಿಕೆಯ, ಪೊಲೀಸರ ಅನುಮತಿ ಕಾಗದದಲ್ಲಿ ಪಡೆಯಬೇಕು. ಕೋಲ್ಕಳಿಗೆ ಮೈಕೇ ಬೇಕಾಗಿಲ್ಲ, ಕೋಲಿನ ಪೆಟ್ಟು ಸಾಕು.

ನಾವು ಮಾಡಿದ ವ್ಯವಸ್ಥೆ ಸಣ್ಣದು. ಈ ಬೇಸಗೆಯಲ್ಲಿ ಶನಿವಾರದ ಸಂಜೆಯ ತರಗತಿಯನ್ನು ಅಸರ್ ಮುಗಿದ ಕೂಡಲೇ ಇಟ್ಟು ಮಗ್ರಿಬ್‌ಗೆ ಮೊದಲೇ ಬಿಡುತ್ತೇವೆ. ಆ ವಾರ ಹತ್ತಿರದಲ್ಲಿ ಎಲ್ಲಿ ಏನು ಉಂಟು, ಎಷ್ಟು ಗಂಟೆಗೆ, ಯಾವ ಬಸ್ಸು ಎಂಬುದನ್ನು ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದಿಡುತ್ತೇವೆ. ಸಂಗೀತ ಇರುವುದಾದರೆ ಅದನ್ನೂ ಬರೆಯುತ್ತೇವೆ, ಹೋಗುವುದು ಬಿಡುವುದು ಮನೆಯವರಿಗೆ ಬಿಟ್ಟದ್ದು. ಹೋದ ವಾರ ಬೋರ್ಡಿನಲ್ಲಿದ್ದದ್ದು ಮಕ್ಕಳ ಕಥೆ ಹೇಳುವ ಕಾರ್ಯಕ್ರಮ. ಇಬ್ಬರು ಉಮ್ಮಂದಿರು ಐದು ಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೆ. ಮೂರನೆಯವರು ಮುಂದಿನ ವಾರದ್ದು ಈಗಲೇ ಬರೆಯಿರಿ, ಅಂಗಡಿಯಲ್ಲಿ ಒಬ್ಬರನ್ನು ನಿಲ್ಲಿಸಬೇಕು ಎಂದು ಹೇಳಿ ಕಳಿಸಿದ್ದಾರೆ.