ಶೇಕಡಾ ಎರಡರ ಲೆಕ್ಕ

ನನ್ನ ಚಿಕ್ಕಮ್ಮನ ಹೊಟ್ಟೆಯುಬ್ಬರಕ್ಕೆ ಎಂಟು ತಿಂಗಳ ಕಾಲ ‘ಗ್ಯಾಸ್ಟ್ರಿಕ್’ ಮಾತ್ರೆಯೇ ಔಷಧವಾಗಿತ್ತು. ಅದು ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಕಾಯಿಲೆ ಹೊಟ್ಟೆಯ ತುಂಬ ಹರಡಿತ್ತು. ಆದ್ದರಿಂದ ಈ ರೋಗವನ್ನು ರಕ್ತಪರೀಕ್ಷೆಯಿಂದಲೇ ಪತ್ತೆಹಚ್ಚುವ ಸುದ್ದಿಯನ್ನು ನಾನು ಆಸೆಯಿಂದ ಓದುತ್ತೇನೆ, ಅನುಮಾನದಿಂದಲೂ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ಡೇನಿಯಲ್ ಹೆಲ್ಲರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಸಂಶೋಧನೆ ಅಂಥದ್ದು. ಅವರ ಸಾಧನ ಇಂಗಾಲದ ನ್ಯಾನೊ ಕೊಳವೆ. ಅದರ ವ್ಯಾಸ ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನ ಆಸುಪಾಸು. ಬೆಳಕು ಬಿದ್ದಾಗ ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೂಸುತ್ತದೆ; ಮೈಗೆ ಪ್ರೋಟೀನುಗಳು ಅಂಟಿಕೊಂಡರೆ ಆ ಬೆಳಕಿನ ತರಂಗಾಂತರವೂ ತೀವ್ರತೆಯೂ ತುಸು ಬದಲಾಗುತ್ತವೆ. ಒಂದೊಂದು ಕೊಳವೆಯೂ ಒಂದೊಂದು ಪ್ರೋಟೀನನ್ನು ಗುರುತಿಸಬೇಕಾಗಿಲ್ಲ. ಸಾಸಿವೆ, ಇಂಗು, ಕರಿಬೇವನ್ನು ಬಿಡಿಬಿಡಿಯಾಗಿ ಎಣಿಸದೆಯೇ ನಮ್ಮ ಮೂಗು ಒಗ್ಗರಣೆಯನ್ನು ಗುರುತಿಸುವುದಿಲ್ಲವೇ? ಹಾಗೆಯೇ ಹಲವು ಬಗೆಯ ಕೊಳವೆಗಳ ಒಟ್ಟು ಪ್ರತಿಕ್ರಿಯೆಯಿಂದ ಕಂಪ್ಯೂಟರ್ ರೋಗದ ಚಹರೆಯನ್ನು ಕಲಿಯುತ್ತದೆ. 269 ಮಂದಿಯ ಸೀರಮ್ ಮಾದರಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಅದು ನೂರಕ್ಕೆ 87ರಂತೆ ರೋಗಿಗಳನ್ನು ಗುರುತಿಸಿತು. ರೋಗವಿಲ್ಲದ ನೂರರಲ್ಲಿ ಇಬ್ಬರನ್ನಷ್ಟೇ ತಪ್ಪಾಗಿ ರೋಗಿಗಳೆಂದಿತು.

ಈ ‘ಇಬ್ಬರು’ ನಗಣ್ಯವಲ್ಲ. ಅಂಡಾಶಯದ ಕ್ಯಾನ್ಸರ್ ವಿರಳ. ಹತ್ತು ಸಾವಿರ ಆರೋಗ್ಯವಂತ ಮಹಿಳೆಯರನ್ನು ಪರೀಕ್ಷಿಸಿದರೆ ಸುಮಾರು 200 ಮಂದಿಗೆ ಸುಳ್ಳು ಎಚ್ಚರಿಕೆ ತಲುಪುತ್ತದೆ. ಅಷ್ಟು ಜನರ ನಡುವೆ ನಿಜವಾದ ರೋಗಿಗಳು ಬೆರಳೆಣಿಕೆಯಷ್ಟು. ಸ್ಕ್ಯಾನಿಂಗ್ ಬಳಿಕವೂ ಸಂದೇಹ ಉಳಿದರೆ ಹೊಟ್ಟೆ ಕೊಯ್ದೇ ನೋಡಬೇಕಾಗುತ್ತದೆ. ಇನ್ನು, ರೋಗವನ್ನು ಬೇಗ ಪತ್ತೆಹಚ್ಚಿದ ಮಾತ್ರಕ್ಕೆ ಜೀವ ಉಳಿಯುತ್ತದೆಂಬ ಖಾತರಿಯೂ ಇಲ್ಲ. ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಬ್ರಿಟನ್ನಿನ ಅಧ್ಯಯನ 2021ರಲ್ಲಿ ಇದನ್ನೇ ಹೇಳಿತು: ಈಗಿರುವ ಸಿಎ-125 ರಕ್ತಪರೀಕ್ಷೆಯನ್ನು ಆಧರಿಸಿದ ತಪಾಸಣೆ ಆರಂಭಿಕ ಹಂತದ ರೋಗವನ್ನು ಹೆಚ್ಚಾಗಿ ಪತ್ತೆ ಮಾಡಿತಾದರೂ ಸಾವನ್ನು ತಗ್ಗಿಸಲಿಲ್ಲ. ಆಸ್ಪತ್ರೆಗಳ ‘ಹೆಲ್ತ್ ಪ್ಯಾಕೇಜ್’ಗಳಿಗೆ ನ್ಯಾನೊ ಕೊಳವೆ ಸೇರುವ ಮುನ್ನ ಅದೂ ಇಂಥದೇ ಪರೀಕ್ಷೆಯನ್ನು ದಾಟಬೇಕೆಂಬುದು ನನ್ನ ಒತ್ತಾಯ.

ಅಗ್ಗದ ಉಪಾಯವೊಂದು ಆ ಪರೀಕ್ಷೆಯನ್ನು ನಮ್ಮಲ್ಲೇ ದಾಟಿದೆ, ಬೇರೆ ಕ್ಯಾನ್ಸರಿನ ವಿಷಯದಲ್ಲಿ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಕೇಂದ್ರದ ವೈದ್ಯರು ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ವಿನಿಗರ್ ಸವರಿ ಗರ್ಭಕಂಠವನ್ನು ನೋಡುವ ತಪಾಸಣೆ ನಡೆಸಿದರು. ಆ ಕ್ಯಾನ್ಸರಿನ ಸಾವುಗಳು ಶೇ 31ರಷ್ಟು ತಗ್ಗಿದವೆಂದು 2013ರಲ್ಲಿ ವರದಿಯಾಯಿತು. ಅಂಡಾಶಯಕ್ಕೆ ಅದು ಎಟುಕದು, ನಿಜ. ಆದರೆ ಎಟುಕುವಲ್ಲಿಯಾದರೂ ಬಳಸಿದ್ದೇವೆಯೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ.